ಕಾಯಕದ ಹೆಸರಿಲ್ಲದ ಚೀಟಿ

ಹನ್ನೆರಡನೆಯ ಶತಮಾನದ ಶರಣರ ನಾಮಾವಳಿಯನ್ನು ಸಾಲಾಗಿ ಸ್ಮರಿಸಿದವರಿಗೆ ಒಂದು ವಿಶೇಷ ಗೋಚರಿಸುತ್ತದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ವೈದ್ಯ ಸಂಗಣ್ಣ. ಇವರೆಲ್ಲರಲ್ಲಿಯೂ ಹೆಸರಿಗಿಂತ ಮೊದಲು ಕಾಯಕವೇ ನಿಂತಿದೆ. ಮನುಷ್ಯನನ್ನು ಅರಿಯಬೇಕಾದರೆ ಅವನು ದಿನವೆಲ್ಲ ಏನು ಮಾಡುತ್ತಾನೆ ಎಂಬುದನ್ನು ಮೊದಲು ಅರಿಯಬೇಕೆಂಬ ವಿವೇಕ ಆ ಕಾಲಕ್ಕೇ ಇತ್ತು.

ಇಂದು ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಚೀಟಿಯನ್ನು ನೋಡಬೇಕು. ಹೆಸರು, ವಯಸ್ಸು, ಲಿಂಗ, ಊರು ಇವಿಷ್ಟು ಇರುತ್ತವೆ. ಉದ್ಯೋಗದ ಕಲಂ ಬಹುಮಟ್ಟಿಗೆ ಇರುವುದಿಲ್ಲ. ಇದ್ದರೂ ಅಲ್ಲಿ ‘ಕೂಲಿ’ ಎಂಬ ಒಂದೇ ಮಾತು ಬೀಳುತ್ತದೆ. ಕಲ್ಲು ಒಡೆಯುವವನೂ ಕೂಲಿ, ಹೊಲದಲ್ಲಿ ಕಳೆ ತೆಗೆಯುವವಳೂ ಕೂಲಿ, ಎರಕದ ಕಾರ್ಖಾನೆಯಲ್ಲಿ ಮರಳಿನ ಅಚ್ಚು ಒಡೆಯುವವನೂ ಕೂಲಿ. ಶರಣರು ಹೆಸರಿನ ಮುನ್ನ ಇಟ್ಟದ್ದನ್ನು ಈ ಚೀಟಿ ಹೆಸರಿನ ನಂತರವೂ ಇಡಲಿಲ್ಲ. ಇದು ಬರಿಯ ಬರವಣಿಗೆಯ ಲೋಪವಲ್ಲ, ಪ್ರಾಣಕ್ಕೆ ಸಂಬಂಧಿಸಿದ ಲೋಪ.

ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜ್ಜಿನಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಪ್ರಾಚೀನ ವೈದ್ಯರು ರೋಗಿಗೆ ಕೇಳುತ್ತಿದ್ದ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಬೇಕೆಂದು ಅವನು ಹೇಳಿದನು: ನಿನ್ನ ಕಸುಬು ಯಾವುದು? ಮೂರು ಶತಮಾನಗಳು ಕಳೆದರೂ ಆ ಪ್ರಶ್ನೆ ಎಷ್ಟೋ ಚಿಕಿತ್ಸಾಲಯಗಳ ಹೊಸ್ತಿಲನ್ನು ದಾಟಿಲ್ಲ.

ಆ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಿಲಿಕೋಸಿಸ್ ಎಂಬ ರೋಗವೇ ನಿದರ್ಶನ. ಗ್ರಾನೈಟು, ಮರಳುಗಲ್ಲು, ಬೆಣಚುಕಲ್ಲುಗಳನ್ನು ಕೊರೆದಾಗ, ಒಡೆದಾಗ, ಅರೆದಾಗ ಸಿಲಿಕಾದ ಅತಿಸೂಕ್ಷ್ಮ ಧೂಳು ಏಳುತ್ತದೆ. ಕಣ್ಣಿಗೆ ಕಾಣುವ ದಪ್ಪ ಧೂಳಿಗಿಂತ ಕಣ್ಣಿಗೆ ಕಾಣದ ಈ ಧೂಳೇ ಹೆಚ್ಚು ಅಪಾಯಕರ. ಅದು ಶ್ವಾಸಕೋಶದ ಅಂತರಾಳಕ್ಕೆ ಇಳಿದು, ಅಲ್ಲಿಯ ರಕ್ಷಕ ಕೋಶಗಳನ್ನು ಕೊಂದು, ಗಾಯದ ಕಲೆಯಂತಹ ಗಂಟುಗಳನ್ನು ಕಟ್ಟುತ್ತದೆ. ಸಾಮಾನ್ಯವಾಗಿ 10 ವರ್ಷಗಳಿಗೂ ಮೀರಿದ ದುಡಿಮೆಯ ನಂತರ ರೋಗ ತಲೆದೋರುತ್ತದೆ. ಧೂಳು ವಿಪರೀತವಾಗಿದ್ದಲ್ಲಿ ಕೆಲವೇ ವರ್ಷಗಳು ಸಾಕು. ಒಮ್ಮೆ ಕಟ್ಟಿದ ಗಂಟನ್ನು ಕರಗಿಸುವ ಔಷಧವಿಲ್ಲ. ಕೆಲಸ ಬಿಟ್ಟ ಮೇಲೆಯೂ ರೋಗ ಮುಂದುವರಿಯಬಲ್ಲದು. ಅದು ಕ್ಷಯರೋಗಕ್ಕೂ ದಾರಿ ಮಾಡಿಕೊಡುತ್ತದೆ. ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ನಿರ್ಣಯಿಸಿದೆ.

ಈ ರೋಗದ ಕೆಮ್ಮು, ಉಬ್ಬಸ, ಕೃಶತೆಗಳು ಕ್ಷಯವನ್ನು ಹೋಲುತ್ತವೆ. ಎಕ್ಸ್‌ರೇ ನೆರಳೂ ಅನೇಕ ವೇಳೆ ಹಾಗೆಯೇ ಭ್ರಮೆ ಹುಟ್ಟಿಸುತ್ತದೆ. ಕಸುಬನ್ನು ಕೇಳದ ವೈದ್ಯನು ಕ್ಷಯದ ಗುಳಿಗೆಗಳನ್ನು ಬರೆದುಕೊಡುತ್ತಾನೆ. ರೋಗಿ ಗುಳಿಗೆ ನುಂಗುತ್ತ ಅದೇ ಧೂಳಿಗೆ ಮರಳುತ್ತಾನೆ. ಅವನು ಕಣ್ಮುಚ್ಚಿದ ಮೇಲೆ ಮರಣದ ಲೆಕ್ಕ ಕ್ಷಯದ ಪಾಲಿಗೆ ಸೇರುತ್ತದೆ. ಅವನ ಸ್ಥಾನದಲ್ಲಿ ಅವನ ಮಗನೇ ಉಳಿ ಹಿಡಿಯುತ್ತಾನೆ.

ಕನ್ನಡ ನಾಡಿಗೆ ಇದು ಹೊರಗಿನ ಸಂಗತಿಯಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1947ರಲ್ಲಿ, ಅದೂ ಕೋಲಾರದ ಚಿನ್ನದ ಗಣಿಗಳಿಂದ. ಆ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಕಲ್ಲಿನ ಕಾಯಕ ನಿಂತಿಲ್ಲ. ಇಳಕಲ್ಲಿನ ಕೆಂಪು ಶಿಲೆ ದೇಶವಿದೇಶಗಳ ನೆಲಕ್ಕೆ ಹೊಳಪು ಕೊಡುತ್ತಿದೆ. ಜಲ್ಲಿಯ ಯಂತ್ರಗಳು ಊರೂರಿನ ಹೊರವಲಯದಲ್ಲಿ ಸದ್ದು ಮಾಡುತ್ತಿವೆ. ಗುಡಿಯ ಹಾಸುಗಲ್ಲು, ಗದ್ದುಗೆಯ ಕಟ್ಟೆ, ಮಹಾದ್ವಾರದ ಕಂಬ ಇವೆಲ್ಲವೂ ಯಾರದೋ ಉಸಿರಿನ ಮುಂದೆ ಒಡೆದ ಕಲ್ಲುಗಳೇ ಆಗಿವೆ.

ಕಾನೂನು ಇಲ್ಲವೇ ಎಂದು ಕೇಳಿದರೆ, ಇದೆ. 1948ರ ಕಾರ್ಖಾನೆಗಳ ಕಾಯ್ದೆಯ 89ನೆಯ ಕಲಂ ಎರಡು ಕರ್ತವ್ಯಗಳನ್ನು ವಿಧಿಸಿತ್ತು. ಪಟ್ಟಿಯಲ್ಲಿರುವ ಕಸುಬಿನ ರೋಗ ಕಾಣಿಸಿಕೊಂಡರೆ ಕಾರ್ಖಾನೆಯ ವ್ಯವಸ್ಥಾಪಕನು ಅಧಿಕಾರಿಗಳಿಗೆ ತಿಳಿಸಬೇಕು. ಚಿಕಿತ್ಸೆ ನೀಡುವ ವೈದ್ಯನೂ ತಡಮಾಡದೆ ಲಿಖಿತವಾಗಿ ವರದಿ ಮಾಡಬೇಕು. ಗಣಿಗಳಿಗೆ 1952ರ ಕಾಯ್ದೆ ಇಂಥದೇ ವಿಧಿಯನ್ನು ಇಟ್ಟಿತ್ತು. 2025ರ ನವೆಂಬರ್ 21ರಿಂದ ಈ ಎರಡರ ಸ್ಥಾನಕ್ಕೂ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಅದರ 12ನೆಯ ಕಲಂ ಮಾಲೀಕ, ವೈದ್ಯ ಇಬ್ಬರ ಮೇಲೆಯೂ ಅದೇ ಹೊಣೆಯನ್ನು ಮುಂದುವರಿಸಿದೆ. ಸರ್ವೋಚ್ಚ ನ್ಯಾಯಾಲಯವು 1995ರ ಜನವರಿಯಲ್ಲಿ, ಕಲ್ನಾರಿನ ಕಾರ್ಮಿಕರ ಮೊಕದ್ದಮೆಯಲ್ಲಿ, ದುಡಿಯುವವನ ಆರೋಗ್ಯ ಮತ್ತು ವೈದ್ಯಕೀಯ ನೆರವು ಸಂವಿಧಾನದ 21ನೆಯ ವಿಧಿಯಲ್ಲಿ ಅಡಗಿರುವ ಜೀವಿಸುವ ಹಕ್ಕಿನ ಅಂಗವೆಂದು ಸಾರಿದೆ.

ಆದರೂ ವರದಿ ಏಕೆ ಆಗುತ್ತಿಲ್ಲ? ಮೂರು ಮೌನಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಾಲೀಕನು ಪರಿಹಾರದ ಭಾರಕ್ಕೆ ಅಂಜಿ ಮೌನಿಯಾಗುತ್ತಾನೆ. ವೈದ್ಯನು ಕಾಗದಪತ್ರಗಳ ತೊಡಕಿಗೆ ಬೇಸತ್ತು, ಅಥವಾ ಈ ಕರ್ತವ್ಯದ ಅರಿವೇ ಇಲ್ಲದೆ ಮೌನಿಯಾಗುತ್ತಾನೆ. ಕಾರ್ಮಿಕನು ನಾಳೆಯ ಕೂಲಿ ತಪ್ಪೀತೆಂದು ಕೆಮ್ಮನ್ನು ನುಂಗಿಕೊಂಡು ಮೌನಿಯಾಗುತ್ತಾನೆ. ಗುತ್ತಿಗೆದಾರನ ಕೈಕೆಳಗೆ, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲದೆ ದುಡಿದವನಿಗೆ, ತಾನು ಅಲ್ಲಿ ದುಡಿದೆನೆಂದು ಸಾಧಿಸುವುದೇ ಅಸಾಧ್ಯ. ಈ ಮೂರು ಮೌನಗಳು ಸಮಾನ ಪಾಪಗಳಲ್ಲ. ಹಸಿದವನ ಮೌನವನ್ನು ಉಂಡವನ ಮೌನದೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ರೋಗವನ್ನು ವರದಿ ಮಾಡುತ್ತ ಹೋದರೆ ಕ್ವಾರಿಗಳು ಮುಚ್ಚುತ್ತವೆ, ಬಡವನ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬುದು ಆ ಆಕ್ಷೇಪ. ಭಯ ನಿರಾಧಾರವಲ್ಲ. ಆದರೆ ಧೂಳನ್ನು ತಡೆಯುವ ಉಪಾಯಗಳು ಅಲಭ್ಯವೇನೂ ಅಲ್ಲ. ನೀರು ಹಾಯಿಸುತ್ತ ಕೊರೆಯುವುದು, ಧೂಳು ಏಳುವಲ್ಲಿಯೇ ಅದನ್ನು ಹೀರುವ ಯಂತ್ರವನ್ನಿಡುವುದು, ಅರೆಯುವ ಸ್ಥಳವನ್ನು ಮುಚ್ಚುವುದು, ತಕ್ಕ ಉಸಿರುಗವಸು ಕೊಡುವುದು ಇವು ಬಹುಕಾಲದಿಂದ ತಿಳಿದ ಮಾರ್ಗಗಳು. ಮೂಗಿಗೆ ಸುತ್ತಿದ ಟವೆಲು ಆ ಸೂಕ್ಷ್ಮ ಧೂಳನ್ನು ತಡೆಯಲಾರದು. ವರದಿಯ ಉದ್ದೇಶ ಕೆಲಸ ನಿಲ್ಲಿಸುವುದಲ್ಲ. ಎಲ್ಲಿ ನೀರು ಹಾಯಬೇಕೆಂದು ತೋರಿಸುವುದು. ವರದಿಯಿಲ್ಲದೆಡೆ ರೋಗವೇ ಇಲ್ಲವೆಂದು ಸರ್ಕಾರ ಭಾವಿಸುತ್ತದೆ. ರೋಗವಿಲ್ಲವೆಂದ ಮೇಲೆ ತಪಾಸಣೆಯೂ ಇಲ್ಲ, ಪರಿಹಾರವೂ ಇಲ್ಲ.

ರಾಜಸ್ಥಾನವು 2019ರಲ್ಲಿ ಧೂಳಿನ ಶ್ವಾಸಕೋಶ ರೋಗಗಳಿಗಾಗಿಯೇ ಒಂದು ನೀತಿಯನ್ನು ರೂಪಿಸಿತು. ರೋಗ ಪ್ರಮಾಣೀಕೃತವಾದಾಗ 3 ಲಕ್ಷ ರೂಪಾಯಿ, ರೋಗಿ ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ, ಜೊತೆಗೆ ಮಾಸಾಶನ ಎಂಬುದು ಅದರ ಸಾರ. ಹಣ ಉಸಿರನ್ನು ಮರಳಿಸದು. ಆದರೂ ಬಾಯಿ ಬಿಟ್ಟು ಹೇಳಿದರೆ ಒಂದು ಆಸರೆಯಿದೆ ಎಂಬ ನಂಬಿಕೆ ಹುಟ್ಟಿದಾಗಲೇ ಕಾರ್ಮಿಕನ ಮೌನ ಒಡೆಯುತ್ತದೆ. ಚಿನ್ನದ ಗಣಿಯ ರೋಗಚರಿತ್ರೆಯನ್ನು ಹೊತ್ತ ಕರ್ನಾಟಕದಲ್ಲಿಯೂ ಅಂತಹ ಆಸರೆ ಎಲ್ಲ ಕಲ್ಲುಕುಟಿಗರಿಗೂ ದೊರೆಯಬೇಕು.

ಕಾಯಕವೆಂಬ ಶಬ್ದದ ಒಡಲಲ್ಲಿಯೇ ಕಾಯವಿದೆ. ಕಾಯವನ್ನು ಸವೆಸಿ ಮುಗಿಸುವ ದುಡಿಮೆಯನ್ನು ಕಾಯಕವೆಂದು ಹೊಗಳಿ, ನೋವನ್ನು ಸಹಿಸುವುದೇ ನಿಷ್ಠೆಯೆಂದು ಬೋಧಿಸುವುದು ಶರಣತತ್ತ್ವಕ್ಕೆ ಎಸಗುವ ಅಪಚಾರ. ಆಯ್ದಕ್ಕಿ ಲಕ್ಕಮ್ಮ ಪತಿ ತಂದ ಹೆಚ್ಚಿನ ಅಕ್ಕಿಯನ್ನು ಮನೆಯೊಳಗೆ ಸೇರಿಸದೆ ಹಿಂದಿರುಗಿಸಲು ಹೇಳಿದ ಕಥೆ ಎಲ್ಲರಿಗೂ ತಿಳಿದದ್ದೇ. ಕ್ವಾರಿಯಲ್ಲಿ ನೀರಿನ ಪಂಪಿಗೆ ತಗಲುವ ವೆಚ್ಚವನ್ನು ಉಳಿಸಿ ಗಳಿಸಿದ ಹಣವೂ ಅಂತಹ ಹೆಚ್ಚಿನ ಅಕ್ಕಿಯೇ. ಅದರಲ್ಲಿ ಒಂದು ಪಾಲನ್ನು ದಾಸೋಹಕ್ಕೆ ಕೊಟ್ಟ ಮಾತ್ರಕ್ಕೆ ಅದು ಶುದ್ಧವಾಗದು.

ಮಠಕ್ಕೆ ಬರುವ ಸದ್ಭಕ್ತರಲ್ಲಿ ಕ್ವಾರಿಯ ಒಡೆಯರಿದ್ದಾರೆ, ಗುತ್ತಿಗೆದಾರರಿದ್ದಾರೆ, ವೈದ್ಯರಿದ್ದಾರೆ, ಕಲ್ಲು ಒಡೆಯುವವರೂ ಇದ್ದಾರೆ. ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವ ಇವರೆಲ್ಲರಿಗೂ ಒಂದೊಂದು ಕರ್ತವ್ಯವಿದೆ. ಒಡೆಯನು ಹಾಜರಿಯಲ್ಲಿ ಹೆಸರು ಬರೆಯಲಿ, ಧೂಳಿಗೆ ನೀರು ಹಾಯಿಸಲಿ, ವರ್ಷಕ್ಕೊಮ್ಮೆ ಎದೆಯ ತಪಾಸಣೆ ಮಾಡಿಸಲಿ. ವೈದ್ಯನು ಕೆಮ್ಮುತ್ತ ಬಂದವನಿಗೆ ಕಸುಬನ್ನು ಕೇಳಲಿ, ಎಷ್ಟು ವರ್ಷ, ಯಾವ ಕಲ್ಲು ಎಂದು ಕೇಳಿ ಬರೆಯಲಿ, ಶಂಕೆ ಬಂದರೆ ವರದಿ ಮಾಡಲಿ. ಕಾರ್ಮಿಕನು ಕೇಳದಿದ್ದರೂ ತನ್ನ ಕಾಯಕವನ್ನು ತಾನೇ ಹೇಳಲಿ. ಹಾಗೆ ಹೇಳಿಕೊಳ್ಳುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಶರಣರು ಅದನ್ನೇ ತಮ್ಮ ಹೆಸರಿನ ಭೂಷಣವಾಗಿ ಧರಿಸಿದ್ದರು.

ಆಸ್ಪತ್ರೆಯ ಚೀಟಿಯಲ್ಲಿ ಒಂದು ಸಾಲು ಹೆಚ್ಚಾದರೆ ಕಾಗದಕ್ಕೆ ಭಾರವಾಗದು. ಆ ಸಾಲಿನಲ್ಲಿ ‘ಕೂಲಿ’ ಎಂದು ಬರೆಯದೆ ‘ಕಲ್ಲು ಒಡೆಯುವ ಕಾಯಕ, 12 ವರ್ಷ’ ಎಂದು ಬರೆದ ದಿನ ಒಂದು ಜೀವಕ್ಕೆ ಸರಿಯಾದ ಚಿಕಿತ್ಸೆಯ ದಾರಿ ತೆರೆಯುತ್ತದೆ. ಆ ದಾರಿ ಅವನ ಮಗನಿಗೂ ತೆರೆದಿರುತ್ತದೆ.