ವಿಕಿರಣ ಮುಗಿದ ಮೇಲಿನ ವರ್ಷಗಳು

ಮಿದುಳಿನ ತಳದಲ್ಲಿರುವ, ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯೂಟರಿ ಗ್ರಂಥಿಯಲ್ಲಿ ಬೆಳೆಯುವ ಗಡ್ಡೆಗಳು ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ. ಆದರೂ ದೊಡ್ಡದಾಗಿ ಬೆಳೆದರೆ ಮೇಲಿನ ದೃಷ್ಟಿನರಗಳನ್ನು ಒತ್ತಿ ಕಣ್ಣಿನ ಬೆಳಕನ್ನೇ ಕಸಿಯಬಲ್ಲವು. ಪ್ರೊಲ್ಯಾಕ್ಟಿನ್ ಸ್ರವಿಸುವ ಗಡ್ಡೆಗಳು ಸಾಮಾನ್ಯವಾಗಿ ಮಾತ್ರೆಗೇ ಕುಗ್ಗುತ್ತವೆ. ಉಳಿದವಕ್ಕೆ ಮೂಗಿನ ಮೂಲಕ ಶಸ್ತ್ರಚಿಕಿತ್ಸೆ. ತೆಗೆಯಲಾಗದೆ ಬಿಟ್ಟ ಭಾಗ ಮತ್ತೆ ಬೆಳೆದರೆ ವಿಕಿರಣ. ಗಡ್ಡೆ ದೃಷ್ಟಿನರಕ್ಕೆ ತಾಗಿಕೊಂಡಿದ್ದರೆ ಗಾಮಾ ನೈಫ್‌ನಿಂದ ಒಂದೇ ಬಾರಿಗೆ ಪ್ರಬಲ ವಿಕಿರಣ ಹಾಯಿಸುವುದು ಅಪಾಯಕರ. ಹಾಗಾಗಿ 45ರಿಂದ 50 ಗ್ರೇ ಪ್ರಮಾಣವನ್ನು ಐದಾರು ವಾರಗಳ ಕಾಲ ದಿನಕ್ಕಿಷ್ಟು ಎಂದು ಹಂಚಿ ಕೊಡಲಾಗುತ್ತದೆ. ಬಹುಪಾಲು ರೋಗಿಗಳಲ್ಲಿ ಗಡ್ಡೆಯ ಬೆಳವಣಿಗೆ ನಿಲ್ಲುತ್ತದೆ.

ನಮ್ಮ ವ್ಯವಸ್ಥೆಯ ಲೆಕ್ಕಾಚಾರವೂ ಅಲ್ಲಿಗೇ ನಿಲ್ಲುತ್ತದೆ ಎಂಬುದೇ ಆಕ್ಷೇಪ. ವಿಕಿರಣದ ಪರಿಣಾಮ ಗಡ್ಡೆಯ ಮೇಲಷ್ಟೇ ಅಲ್ಲ, ಆರೋಗ್ಯವಂತ ಗ್ರಂಥಿಯ ಮೇಲೂ ಆಗುತ್ತದೆ. ಅದೂ ನಿಧಾನವಾಗಿ, ವರ್ಷಗಳು ಕಳೆದಂತೆ. ಹತ್ತು ವರ್ಷಗಳೊಳಗೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಒಂದಲ್ಲ ಒಂದು ಹಾರ್ಮೋನ್ ಕೊರತೆ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ರೋಗಿ ಬೆಂಗಳೂರಿನ ನಿಮ್ಹಾನ್ಸ್, ಕಿದ್ವಾಯಿಗಳಿಂದ ಮರಳಿ ತನ್ನ ಊರು ಸೇರಿರುತ್ತಾನೆ. ಸುಸ್ತೆಂದು ಹತ್ತಿರದ ವೈದ್ಯರ ಬಳಿ ಹೋದರೆ ಥೈರಾಯ್ಡ್‌ಗೆಂದು ಟಿಎಸ್‌ಎಚ್ ಒಂದನ್ನೇ ಪರೀಕ್ಷಿಸುವುದು ವಾಡಿಕೆ. ಟಿಎಸ್‌ಎಚ್ ಹುಟ್ಟುವುದೇ ಪಿಟ್ಯೂಟರಿಯಲ್ಲಿ. ಆ ಗ್ರಂಥಿಯೇ ಸೋತಿರುವಾಗ ಥೈರಾಯ್ಡ್ ಕೊರತೆಯಿದ್ದರೂ ವರದಿ 'ಸಹಜ' ಎಂದೇ ಬರಬಹುದು; ಫ್ರೀ ಟಿ4 ನೋಡದ ಹೊರತು ಸತ್ಯ ತಿಳಿಯದು. ಒಂದು ವೇಳೆ ತಿಳಿದರೂ, ಕಾರ್ಟಿಸೋಲ್ ಕೊರತೆ ಇದೆಯೇ ಎಂದು ಮೊದಲು ನೋಡದೆ ಥೈರಾಯ್ಡ್ ಮಾತ್ರೆ ಆರಂಭಿಸಿದರೆ ರೋಗಿ ಕುಸಿದು ಬೀಳಬಹುದು. ಕಾರ್ಟಿಸೋಲ್ ಕೊರತೆಯಿರುವವರಿಗೆ ಸಾಮಾನ್ಯ ಜ್ವರ, ವಾಂತಿಭೇದಿಯೂ ಪ್ರಾಣಾಂತಿಕ. ಅಂಥ ಹೊತ್ತಿನಲ್ಲಿ ಮಾತ್ರೆಯ ಪ್ರಮಾಣ ಹೆಚ್ಚಿಸಬೇಕು, ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಕೊಡಬೇಕು. ಇದನ್ನು ರೋಗಿಯ ಮನೆಯವರಿಗೆ ಅವರ ಭಾಷೆಯಲ್ಲಿ ಹೇಳುವವರು ಯಾರು? ಇಂಗ್ಲಿಷಿನ ಬಿಡುಗಡೆ ಪತ್ರವಂತೂ ಹೇಳದು.

ಕೋಟ್ಯಂತರ ರೂಪಾಯಿಯ ಯಂತ್ರಕ್ಕೆ ಹಣ ಒದಗಿಸುವ ಸರ್ಕಾರಕ್ಕೆ ವರ್ಷಕ್ಕೊಮ್ಮೆಯ ರಕ್ತಪರೀಕ್ಷೆ ಹೊರೆಯಾಗಲಾರದು. ಗರ್ಭಿಣಿಯರಿಗೆ ತಾಯಿ ಕಾರ್ಡ್ ಕೊಟ್ಟು ರೂಢಿಯಿರುವ ರಾಜ್ಯವಿದು. ಪಿಟ್ಯೂಟರಿಗೆ ವಿಕಿರಣ ಪಡೆದ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಅಂಥದೇ ಒಂದು ಕಾರ್ಡ್ ಕೊಡಲಿ: ಪಡೆದ ವಿಕಿರಣದ ಪ್ರಮಾಣ, ಮುಂದಿನ ತಪಾಸಣೆಯ ತಿಂಗಳು, ತುರ್ತಿನಲ್ಲಿ ಕೊಡಬೇಕಾದ ಚುಚ್ಚುಮದ್ದಿನ ಹೆಸರು ಅದರಲ್ಲಿರಲಿ. ಫ್ರೀ ಟಿ4 ಮತ್ತು ಬೆಳಗಿನ ಕಾರ್ಟಿಸೋಲ್ ಪರೀಕ್ಷೆಗಳು ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಉಚಿತವಾಗಿ ಸಿಗಲಿ, ಹೈಡ್ರೋಕಾರ್ಟಿಸೋನ್ ಮಾತ್ರೆ ತಾಲ್ಲೂಕು ಆಸ್ಪತ್ರೆಯ ಔಷಧಾಲಯದಲ್ಲಿರಲಿ. ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಬೇಕಾಗುವ ಮೊತ್ತ ಹೊಸ ಕಟ್ಟಡವೊಂದರ ಶಂಕುಸ್ಥಾಪನೆಯ ಖರ್ಚನ್ನೂ ಮೀರಲಿಕ್ಕಿಲ್ಲ.