ಕಡೆಯ ವರ್ಷದ ಪ್ರಾಜೆಕ್ಟು

ಇಂಜಿನಿಯರಿಂಗ್ ಕಾಲೇಜಿನ ಕಡೆಯ ವರ್ಷಕ್ಕೆ ಕಾಲಿಟ್ಟ ಮಗನೋ ಮಗಳೋ ಇರುವ ಮನೆಯಲ್ಲಿ ‘ಪ್ರಾಜೆಕ್ಟು’ ಎಂಬ ಶಬ್ದವು ಮದುವೆಯ ಮುಹೂರ್ತದಷ್ಟೇ ಗಾಂಭೀರ್ಯದಿಂದ ಉಚ್ಚರಿಸಲ್ಪಡುತ್ತದೆ. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಯಾದರಂತೂ ಕೇಳುವುದೇ ಬೇಡ. ರಾತ್ರಿ ಎರಡು ಗಂಟೆಯಾದರೂ ಕೊಠಡಿಯ ದೀಪ ಆರುವುದಿಲ್ಲ. ತಂದೆ ‘ಎಲ್ಲಿಗೆ ಬಂತು?’ ಎಂದು ವಿಚಾರಿಸುತ್ತಾರೆ. ಬಂದ ಉತ್ತರ ಅರ್ಥವಾಗದೆ ಸುಮ್ಮನಾಗುತ್ತಾರೆ.

ಈ ನಡುವೆ ಯಾರಾದರೊಬ್ಬ ಹಿತೈಷಿಯ ಸಲಹೆ ಕಿವಿಗೆ ಬೀಳುತ್ತದೆ: ‘ಇಷ್ಟು ಕಷ್ಟವೇಕೆ? ಹಣ ಕೊಟ್ಟರೆ ಸಿದ್ಧವಾದ ಪ್ರಾಜೆಕ್ಟೇ ದೊರೆಯುತ್ತದಂತೆ!’ ದೊರೆಯುತ್ತದೆ, ಸುಳ್ಳಲ್ಲ. ಪ್ರೋಗ್ರಾಮು, ವರದಿ, ಚಿನ್ನದ ಅಕ್ಷರದ ರಟ್ಟು, ಎಲ್ಲವೂ ಒಂದೇ ಗಂಟಿನಲ್ಲಿ ಬರುತ್ತವೆ. ಪರೀಕ್ಷಕರು ವರದಿಯ ಒಂದು ಅಂಕಿಯ ಮೇಲೆ ಬೆರಳಿಟ್ಟು ‘ಇದು ಹೇಗೆ ಬಂತು?’ ಎಂದು ಕೇಳುವವರೆಗೆ ಯಾವ ತೊಂದರೆಯೂ ಇಲ್ಲ.

ಹೀಗೆ ಕೊಳ್ಳುವವರೆಲ್ಲ ಸೋಮಾರಿಗಳೆಂದು ನನಗನ್ನಿಸುವುದಿಲ್ಲ. ಮೊದಲ ತಿಂಗಳ ಉತ್ಸಾಹದಲ್ಲಿ ‘ಕೃತಕ ಬುದ್ಧಿಯಿಂದ ಸಕಲ ರೋಗಗಳ ಪತ್ತೆ’ ಎಂಬಂಥ ವಿಷಯವನ್ನು ಆರಿಸಿಕೊಂಡು, ಕಡೆಯ ತಿಂಗಳಲ್ಲಿ ಕೈಕಾಲು ತಣ್ಣಗಾದವರೇ ಅವರಲ್ಲಿ ಹಲವರು. ವಿಷಯವನ್ನು ಮೊದಲೇ ಕುಗ್ಗಿಸಿಕೊಂಡಿದ್ದರೆ ಅಂಗಡಿಯ ಮೆಟ್ಟಿಲು ಹತ್ತುವ ಪ್ರಮೇಯವೇ ಬರುತ್ತಿರಲಿಲ್ಲ.

ಕುಗ್ಗಿಸುವುದೆಂದರೆ ಏನು? ನಮ್ಮದೇ ಲಿಪಿಯ ಒಂದು ದೃಷ್ಟಾಂತವಿದೆ. ೨೦೧೯ರಲ್ಲಿ ವಿನಯ್ ಉದಯ್ ಪ್ರಭು ಎಂಬ ಸಂಶೋಧಕರು ಕೈಬರಹದ ಕನ್ನಡ ಅಂಕಿಗಳ ದೊಡ್ಡ ಸಂಗ್ರಹವೊಂದನ್ನು ಪ್ರಕಟಿಸಿದರು; ಅದರ ಹೆಸರು ‘ಕನ್ನಡ-ಎಂನಿಸ್ಟ್’. ಯಂತ್ರಕ್ಕೆ ಕಲಿಸಲು ೬೦,೦೦೦ ಚಿತ್ರಗಳು, ಕಲಿತದ್ದನ್ನು ಪರೀಕ್ಷಿಸಲು ೧೦,೦೦೦ ಚಿತ್ರಗಳು. ಇವುಗಳ ಜೊತೆಗೆ, ಕನ್ನಡ ಅಂಕಿಗಳ ಬಳಕೆ ಇಲ್ಲದವರಿಂದ ಬರೆಯಿಸಿದ ೧೦,೨೪೦ ಚಿತ್ರಗಳ ಮತ್ತೊಂದು ಸಂಗ್ರಹವೂ ಇದೆ. ಮೊದಲಿನದರಲ್ಲಿ ಸುಲಭವಾಗಿ ತೇರ್ಗಡೆಯಾಗುವ ಪ್ರೋಗ್ರಾಮು ಎರಡನೆಯದರಲ್ಲಿ ಎಡವುತ್ತದೆ. ‘ಕನ್ನಡ ಕೈಬರಹವನ್ನೆಲ್ಲ ಓದುವ ಯಂತ್ರ’ ಎಂಬುದು ಒಬ್ಬ ವಿದ್ಯಾರ್ಥಿಯ ಕೆಲಸವಲ್ಲ. ‘ಯಂತ್ರ ಯಾವ ಎರಡು ಅಂಕಿಗಳನ್ನು ಅದಲುಬದಲು ಮಾಡುತ್ತದೆ, ಏಕೆ?’ ಎಂಬುದು ಖಂಡಿತ ಒಬ್ಬ ವಿದ್ಯಾರ್ಥಿಯ ಕೆಲಸ. ಅವಸರದಲ್ಲಿ ಗೀಚಿದ ೬ ಮತ್ತು ೭ನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪ್ರಶ್ನೆಯ ಸ್ವಾರಸ್ಯ ತಿಳಿದೀತು.

ಇಲ್ಲೊಂದು ಮೋಸದ ಗುಂಡಿಯೂ ಉಂಟು. ಒಬ್ಬರ ಬರಹವನ್ನು ಕಲಿಕೆಗೂ ಪರೀಕ್ಷೆಗೂ ಹಂಚಿಬಿಟ್ಟರೆ, ಯಂತ್ರಕ್ಕೆ ಆ ಕೈಯ ಓರೆಕೋರೆಗಳು ಮೊದಲೇ ಪರಿಚಿತವಾಗಿ, ನೂರಕ್ಕೆ ತೊಂಬತ್ತೊಂಬತ್ತು ಅಂಕಗಳು ಬಂದರೂ ಬರಬಹುದು. ಪ್ರಶ್ನೆಪತ್ರಿಕೆ ತೋರಿಸಿ ಪರೀಕ್ಷೆ ನಡೆಸಿದಂತಾಯಿತು. ಇಪ್ಪತ್ತು ಮಂದಿಯಿಂದ ಬರೆಯಿಸಿದರೆ ಐವರ ಹಾಳೆಗಳನ್ನು ಪೂರ್ತಿಯಾಗಿ ಬೇರೆ ತೆಗೆದಿಟ್ಟು, ಕಡೆಯವರೆಗೂ ಯಂತ್ರಕ್ಕೆ ತೋರಿಸಬಾರದು. ಆಗ ಅಂಕಗಳು ಇಳಿಯುತ್ತವೆ. ಇಳಿದ ಅಂಕಗಳನ್ನೇ ಬರೆಯುವ ಎದೆಗಾರಿಕೆ ಬೇಕು.

ಸಣ್ಣ ಪ್ರಶ್ನೆಗೆ ಸಣ್ಣ ಮರ್ಯಾದೆ ಎಂದು ಅಂಜುವವರು ಕ್ಲಾಡ್ ಶಾನನ್‌ರನ್ನು ನೆನೆಯಬಹುದು. ೧೯೩೭ರಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ ಅವರು ಬರೆದ ಸ್ನಾತಕೋತ್ತರ ಪ್ರಬಂಧದ ವಿಷಯ ತೆರೆದು ಮುಚ್ಚುವ ವಿದ್ಯುತ್ ರಿಲೇಗಳು. ಅವುಗಳ ಜೋಡಣೆಯನ್ನು ಹತ್ತೊಂಬತ್ತನೆಯ ಶತಮಾನದ ಗಣಿತಜ್ಞ ಬೂಲ್‌ನ ಬೀಜಗಣಿತದಿಂದ ವಿವರಿಸಬಹುದೆಂದು ತೋರಿಸಿದರು. ಕಂಪ್ಯೂಟರುಗಳ ವಿದ್ಯುನ್ಮಂಡಲಗಳನ್ನು ರೂಪಿಸುವ ವಿದ್ಯೆಗೆ ಅದೇ ತಳಹದಿಯಾಯಿತು.

ಇನ್ನು ಕಾಲದ ಲೆಕ್ಕ. ಐ.ಬಿ.ಎಂ. ಸಂಸ್ಥೆಯ ೩೬೦ ಶ್ರೇಣಿಯ ಯಂತ್ರಗಳ ಕಾರ್ಯವ್ಯವಸ್ಥೆಯ ನಿರ್ಮಾಣವನ್ನು ನಡೆಸಿದ ಫ್ರೆಡ್ ಬ್ರೂಕ್ಸ್ ೧೯೭೫ರ ತಮ್ಮ ಪುಸ್ತಕದಲ್ಲಿ ಹೀಗೆ ಪಾಲು ಮಾಡಿದ್ದಾರೆ: ಮೂರರಲ್ಲೊಂದು ಭಾಗ ಯೋಜನೆಗೆ, ಆರರಲ್ಲೊಂದು ಭಾಗ ಪ್ರೋಗ್ರಾಮು ಬರೆಯಲು, ಉಳಿದ ಅರ್ಧ ಪರೀಕ್ಷಿಸಲು. ಇಪ್ಪತ್ತನಾಲ್ಕು ವಾರಗಳಿದ್ದರೆ ಎಂಟು, ನಾಲ್ಕು, ಹನ್ನೆರಡು. ನಮ್ಮ ಮಕ್ಕಳು ಇಪ್ಪತ್ತಮೂರು ವಾರ ಬರೆದು, ಉಳಿದ ಒಂದರಲ್ಲಿ ಪರೀಕ್ಷೆಯನ್ನೂ ವರದಿಯನ್ನೂ ದೇವರ ಪ್ರಾರ್ಥನೆಯನ್ನೂ ಮುಗಿಸಲು ಹವಣಿಸುತ್ತಾರೆ!

ವರದಿಗೆ ಬೇರೆ ವಾರ ಬೇಕಿಲ್ಲ. ಮೊದಲ ದಿನದಿಂದಲೇ ಒಂದು ನೋಟ್‌ಪುಸ್ತಕವಿರಲಿ. ತಾರೀಖು, ಮಾಡಿ ನೋಡಿದ್ದು, ಬಂದ ಫಲ, ಇಷ್ಟನ್ನೇ ದಿನವೂ ಬರೆದಿಡಲಿ. ಕೆಟ್ಟುಹೋದ ಪ್ರಯತ್ನಗಳಿಗೂ ಅದರಲ್ಲಿ ಸ್ಥಳವಿರಬೇಕು. ಅಂಕಿಯ ಮೇಲೆ ಬೆರಳಿಡುವ ಪರೀಕ್ಷಕರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಮತ್ತೊಂದಿಲ್ಲ.

ಮನೆಯವರು ಮಾಡಬಹುದಾದ ಸಹಾಯವೂ ಇದೆ. ಒಬ್ಬೊಬ್ಬರೂ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಹತ್ತು ಸಲ ಬರೆದುಕೊಡಲಿ. ನೆರೆಮನೆಯವರನ್ನೂ ಹಾಲಿನವನನ್ನೂ ಬಿಡುವುದು ಬೇಡ. ಅಜ್ಜಿಯ ನಡುಗುವ ಕೈಯ ೭ನ್ನು ಯಂತ್ರ ೬ ಎಂದು ಓದಿದರೆ, ಆ ಹಾಳೆಯನ್ನು ಬಿಸಾಡದೆ ವರದಿಯೊಳಗೆ ಅಂಟಿಸಬೇಕು; ಅದರ ಕೆಳಗೆ, ಹಾಗೇಕಾಯಿತೆಂದು ಮಗನೋ ಮಗಳೋ ತನ್ನ ಮಾತಿನಲ್ಲೇ ಅರ್ಧ ಪುಟ ಬರೆಯಬೇಕು.