ಕಾಡುಬೆಳ್ಳುಳ್ಳಿಯೂ ಕಲ್ಲುಹೂವೂ

ಕಾಡಿನಿಂದ ಆಯ್ದು ತರುವ ಸಂಬಾರ ಪದಾರ್ಥಗಳನ್ನೆಲ್ಲಾ ಕಿರು ಅರಣ್ಯ ಉತ್ಪನ್ನವೆಂಬ ಒಂದೇ ಹೆಸರಿನಿಂದ ಕರೆಯುವುದು ರೂಢಿಯಾಗಿದೆ. ಲೆಕ್ಕದ ಪುಸ್ತಕಕ್ಕೆ ಇದು ಅನುಕೂಲವೇ ಸರಿ. ಕಾಡಿಗೆ ಮಾತ್ರ ಅನುಕೂಲವಲ್ಲ. ಉತ್ತರಾಖಂಡದ ಬೆಟ್ಟಗಳಲ್ಲಿ ದೊರೆಯುವ ಎರಡು ಪದಾರ್ಥಗಳನ್ನು ಹೋಲಿಸಿದರೆ ಇದು ವಿಶದವಾಗುವುದು.

ಮೊದಲನೆಯದು ಜಂಬೂ, ಗಢವಾಲದ ಕಡೆ ಇದಕ್ಕೆ ಫರಣ್ ಎಂತಲೂ ಹೆಸರುಂಟು. ಹಿಮಾಲಯದ ಎತ್ತರದ ಇಳಿಜಾರುಗಳಲ್ಲಿ ತಾನಾಗಿ ಬೆಳೆಯುವ, ಬೆಳ್ಳುಳ್ಳಿಯ ವರ್ಗಕ್ಕೆ ಸೇರಿದ ಗಿಡವಿದು. ಎಲೆ ಹೂಗಳನ್ನು ಒಣಗಿಸಿ ಬೇಳೆಯ ಒಗ್ಗರಣೆಗೆ ಹಾಕುವರು. ಎಲೆಯನ್ನು ಕೊಯ್ದರೂ ನೆಲದೊಳಗಿನ ಗೆಡ್ಡೆ ಉಳಿದರೆ ಗಿಡವು ಪುನಃ ಚಿಗುರುವುದು. ಚಮೋಲಿ ಜಿಲ್ಲೆಯ ನೀತಿ ಕಣಿವೆಯ ಭೋಟಿಯಾ ಜನರು ಇದನ್ನು ಮನೆಯ ಬಳಿಯ ಭೂಮಿಯಲ್ಲಿಯೂ ನೆಟ್ಟು ಬೆಳೆಯುವರು.

ಎರಡನೆಯದು, ಕನ್ನಡಿಗರ ಮಸಾಲೆಯಲ್ಲಿಯೂ ಬೀಳುವ ಕಲ್ಲುಹೂವು. ಇದು ಹೂವಲ್ಲ, ಅಂಗಡಿಗೆ ಬರುವ ಸರಕು ಬಹುಮಟ್ಟಿಗೆ ಕಲ್ಲಿನ ಮೇಲಿನದೂ ಅಲ್ಲ, ಮರದ ತೊಗಟೆಯಿಂದ ಕೆರೆದದ್ದು. ಇಷ್ಟೇಕೆ, ಇದು ಒಂದು ಜೀವಿಯೂ ಅಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರವೆಂದು ಸ್ವಿಟ್ಜರ್ಲೆಂಡಿನ ಶ್ವೆಂಡನರ್ ಎಂಬ ಸಸ್ಯಶಾಸ್ತ್ರಜ್ಞನು 1867ರಲ್ಲಿ ಸಾರಿದಾಗ ಆ ಕಾಲದ ಪಂಡಿತರು ಅನೇಕರು ನಂಬಲಿಲ್ಲ. ಇದಕ್ಕೆ ಬೇರಿಲ್ಲ, ಗೆಡ್ಡೆಯಿಲ್ಲ. ಮಳೆ, ಮಂಜು, ಗಾಳಿಗಳೇ ಇದರ ಹೊಲ. ಗಂಧಕದ ಹೊಗೆ ಕವಿದ ಕಡೆ ಬಾಳಲಾರದು. ವರ್ಷಕ್ಕೆ ಕೆಲವೇ ಮಿಲಿಮೀಟರಿನಷ್ಟು ಹರಡುವುದಾದ ಕಾರಣ, ಅಂಗೈಯಗಲದ ಚಕ್ಕೆಯೆಂದರೆ ಹಲವು ವರ್ಷಗಳ ಫಸಲು. ಅದನ್ನು ಕೆರೆದು ಚೀಲಕ್ಕೆ ತುಂಬಲು ಒಂದು ಗಳಿಗೆ ಸಾಕು. ಬಿತ್ತಿ ಬೆಳೆಯೋಣವೆಂದರೆ ಜಂಬೂವಿನಂತೆ ರೈತನ ಕೈಗೆ ಒಗ್ಗುವ ಪದಾರ್ಥವಲ್ಲ.

ಹೀಗಿರಲು ಎರಡಕ್ಕೂ ಒಂದೇ ನಿಯಮವನ್ನು ಹೇಳುವುದು ಯುಕ್ತವಲ್ಲ. ಕಲ್ಲುಹೂವಿನ ಸಂಗ್ರಹವನ್ನೇ ನಿಷೇಧಿಸಬೇಕೆಂಬುವರ ಮಾತೂ ಒಪ್ಪತಕ್ಕದ್ದಲ್ಲ. ಬೆಟ್ಟದ ಬಡವರಿಗೆ ಅದರಿಂದ ಬರುವ ನಾಲ್ಕು ಕಾಸನ್ನು ಕಿತ್ತುಕೊಂಡು ಕಾಡನ್ನು ಉಳಿಸುವೆವೆಂಬುದು ಅನ್ಯಾಯ. ಜಂಬೂವಿನ ವಿಷಯದಲ್ಲಿ ಗೆಡ್ಡೆಯನ್ನೂ ಬೀಜವನ್ನೂ ಒದಗಿಸಿ, ಹೊಲದ ಫಸಲಿಗೆ ಒಳ್ಳೆಯ ಬೆಲೆ ಸಿಗುವಂತೆ ಮಾಡಿದರೆ ಕಾಡಿನ ಗಿಡದ ಮೇಲಿನ ಹೊರೆ ತಾನಾಗಿ ಇಳಿಯುವುದು. ಕಲ್ಲುಹೂವಿಗೆ ಬೇಕಾದುದು ಬಿಡುವು. ಅಲ್ಲಿನ ವನಪಂಚಾಯತಿಗಳು ಕಾಡನ್ನು ಭಾಗಗಳಾಗಿ ವಿಂಗಡಿಸಿ, ಒಮ್ಮೆ ಕೆರೆದ ಭಾಗಕ್ಕೆ ಹಲವು ವರ್ಷ ಕೈಯಿಕ್ಕದಂತೆ ಕಟ್ಟು ಮಾಡಬೇಕು. ಬಿದ್ದ ಕೊಂಬೆಗಳಿಂದ ಮೊದಲು ಆಯುವುದು, ನಿಂತ ಮರದಲ್ಲಾದರೆ ಚೂರುಗಳನ್ನು ಉಳಿಸಿ ಬರುವುದು ಅವಶ್ಯ. ಆ ಚೂರುಗಳಿಂದಲೇ ಅದು ಮತ್ತೆ ಹಬ್ಬತಕ್ಕದ್ದು.